ಎ-೭ರ ನಾಲ್ಕು ಸೆಕೆಂಡು

ಜೂನ್ ೩, ಮಂಗಳವಾರ

ಮೊದಲು ವೇದಿಕೆಗೆ ಬಂದ ಹುಡುಗಿಯ ಐದು ನಿಮಿಷ ಸ್ಪೆಷಲ್‌ನಲ್ಲಿ ಇರುವುದಿಲ್ಲ. ಬೆಳಿಗ್ಗೆ ಹತ್ತೂಕಾಲಿಗೆ ಮೇಡಂ ಎಡಿಟಿಂಗ್ ಕೋಣೆಯ ಬಾಗಿಲಲ್ಲಿ ನಿಂತುಕೊಂಡೇ ತಿಳಿಸಿದರು. ಮೇಡಂ ಎಂದರೆ ನಿರ್ಮಾಪಕಿ. ಕಾರಣ ಕೇಳಿದೆ. "ಒಂದು ಗಂಟೆ ಅಂದ್ರೆ ಒಂದು ಗಂಟೆ. ಜನ ಅವಳನ್ನ ನೋಡೋಕೆ ಬರ್ತಾರಾ?" ಎಂದರು.

ಸ್ಪೆಷಲ್ ಮಹಾರಾಜನದು. ಒಬ್ಬನೇ ಮೈಕು ಹಿಡಿದು ಒಂದು ಗಂಟೆ ನಗಿಸುತ್ತಾನೆ. ಆ ಹೆಸರಿಟ್ಟವನು ಧ್ವನಿ ನೋಡಿಕೊಳ್ಳುವ ನಮ್ಮ ಸೌಂಡಣ್ಣ. ಈಗ ಗೇಟಿನವರ ತನಕ ಎಲ್ಲರೂ ಹಾಗೇ ಕರೆಯುತ್ತಾರೆ, ಎದುರಿಗೆ ಮಾತ್ರ 'ಸರ್'. ಸಭಾಂಗಣದಲ್ಲಿ ಐದು ಕ್ಯಾಮೆರಾ ಇಟ್ಟು ಎರಡು ಸಂಜೆ ಚಿತ್ರಿಸಿದ್ದನ್ನು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ೨೦ನೇ ತಾರೀಖು ಓಟಿಟಿಯವರಿಗೆ ಹೋಗಬೇಕು.

ಮಹಾರಾಜನಿಗಿಂತ ಮುಂಚೆ ಮೈಕು ಹಿಡಿದು ನಗಿಸಿದ ಆ ಹುಡುಗಿಗೂ ಸೌಂಡಣ್ಣ ಹೆಸರಿಟ್ಟಿದ್ದಾನೆ: 'ಐದು ನಿಮಿಷ'. ಅವಳ ಮುಖದ ಮೇಲೆ, ಕೈಗಳ ಮೇಲೆ ಅದು ಇದೆ. ಬಿಳಿ. ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೆಲಸ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದಿದ್ದಳು.

"ಅಕ್ಕಾ, ನಂದು ಎಷ್ಟು ಇಟ್ರಿ?"

ಇನ್ನೂ ಅಲ್ಲಿಗೆ ಬಂದಿಲ್ಲ ಎಂದೆ.

"ಇಲ್ಲ ಅನ್ನೋದಾದ್ರೆ ಈಗ್ಲೇ ಹೇಳಿಬಿಡಿ. ಹಿಂದೆ ಎರಡು ಸಲ ಬೇರೆಯವರ ಸ್ಪೆಷಲ್‌ನಲ್ಲಿ ಹೀಗೇ ತೆಗೆದ್ರು. ಈ ಸಲನೂ ತೆಗೆದ್ರೆ ಬಿಟ್ಟುಬಿಡ್ತೀನಿ, ಅಷ್ಟೆ. ಆಫೀಸಲ್ಲಿ ಎಲ್ಲರಿಗೂ ಹೇಳಿಕೊಂಡಿದೀನಿ. ಆಮೇಲೆ ಅವರ ಮುಖ ನಾನು ನೋಡ್ಬೇಕು. ನನ್ನ ಮುಖ ಅವರು ನೋಡಲ್ಲ, ಅದು ಬೇರೆ ವಿಷ್ಯ."

ಚಹಾ ತರಿಸಿದೆ. ಲೋಟ ತೊಳೆದಿರಲಿಲ್ಲ. ಹಾಗಾಗಿ ಅವಳಿಗೆ ಪೇಪರ್ ಕಪ್ಪಿನಲ್ಲಿ ಕೊಟ್ಟೆ.

ಜೂನ್ ೪, ಬುಧವಾರ

ಓಟಿಟಿಯವರ ಪ್ರಾತಿನಿಧ್ಯ ಪಟ್ಟಿ ಬಂತು. ಮೂರು ಪುಟ. ಎಲ್ಲ ಬಗೆಯ ಜನರೂ ತೆರೆಯ ಮೇಲೆ ಇರಬೇಕು, ಒಂದೊಂದು ಬಗೆಗೂ ಕನಿಷ್ಠ ನಾಲ್ಕು ಸೆಕೆಂಡು, 'ಸ್ಪಷ್ಟವಾಗಿ, ಸಂತೋಷದ ಭಾವದಲ್ಲಿ'. ವೇದಿಕೆಯ ಮೇಲೆಯೋ ಕೆಳಗೋ ಎಂದು ಕೇಳುವ ಕಾಲಂ ಇಲ್ಲ. ಮೇಡಂ ಇದನ್ನು ಮೊದಲೇ ಓದಿಕೊಂಡಿದ್ದಾರೆ. ಎರಡನೇ ಸಂಜೆ ಮುಂದಿನ ಎ ಸಾಲನ್ನು ಜನ ಒದಗಿಸುವ ಏಜೆನ್ಸಿಯಿಂದ ತುಂಬಿಸಿದ್ದರು. ಗಾಲಿಕುರ್ಚಿ ಎ-೧. ಕಪ್ಪು ಮೈಬಣ್ಣ ಎ-೩, ಎ-೪. ಕುಳ್ಳು ಎ-೫. 'ಚರ್ಮದ ಭಿನ್ನತೆ' ಎ-೭. ದಪ್ಪ ಎ-೯, ಎ-೧೦. ಸೀಟು ಪುಕ್ಕಟೆ, ತಿಂಡಿಯೂ ಇತ್ತಂತೆ.

ಮಹಾರಾಜನ ಜೋಕುಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ಎರಡೂ ಒಂದೇ ಪಟ್ಟಿ. ಗಾಲಿಕುರ್ಚಿಯ ಮೇಲೆ ಒಂದು, ಕುಳ್ಳರ ಮೇಲೆ ಎರಡು, ದಪ್ಪಗಿನವರ ಮೇಲೆ ಹನ್ನೊಂದು ನಿಮಿಷ.

ಒಂದು ಜೋಕು ಮುಗಿದ ಕೂಡಲೇ ಆ ಸೀಟಿನವರು ನಗುವುದನ್ನು ತೋರಿಸಬೇಕು. ನಾವು ಇದನ್ನು ಅಪ್ಪಣೆ ನಗು ಅನ್ನುತ್ತೇವೆ. ಅವರೇ ನಕ್ಕರಲ್ಲ, ಇನ್ನು ನೀವೂ ನಗಬಹುದು ಎಂದು ಮನೆಯಲ್ಲಿ ಕೂತವರಿಗೆ ಸಿಗುವ ಅಪ್ಪಣೆ. ಆರು ವರ್ಷದಿಂದ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ಹದಿನಾರು ವರ್ಷ ಸುದ್ದಿ ವಾಹಿನಿಯಲ್ಲಿದ್ದೆ. ಅಲ್ಲಿ ಮಂಗಳವಾರದ ಜನಸಂದಣಿಯನ್ನು ಗುರುವಾರದ ಸುದ್ದಿಗೆ ಅಂಟಿಸಿದ್ದಕ್ಕೆ ನನ್ನ ಪಕ್ಕದ ಕುರ್ಚಿಯವನು ಮನೆಗೆ ಹೋದ. ಇಲ್ಲಿ ಅಂಟಿಸದಿದ್ದರೆ ಮನೆಗೆ.

ಜೂನ್ ೫, ಗುರುವಾರ

ಎ-೭ ನಗುವುದಿಲ್ಲ.

ಎರಡನೇ ಸಂಜೆಯ ಇಡೀ ಚಿತ್ರಣ ನೋಡಿದೆ. ಮಹಾರಾಜನ ಮಚ್ಚೆ ಜೋಕು ಮೂವತ್ತೆಂಟನೇ ನಿಮಿಷದಲ್ಲಿದೆ. ಪಕ್ಕದ ಮನೆಯವಳಿಗೆ ಮೈಯೆಲ್ಲಾ ಬಿಳಿ ಮಚ್ಚೆಯಂತೆ. ಕೆಲಸಕ್ಕೆ ಅರ್ಜಿ ಹಾಕಿದಳಂತೆ. ಆಫೀಸಿನವರು ವಾಪಸ್ ಬರೆದರಂತೆ, ನಿಮ್ಮ ಪ್ರಿಂಟರಿನಲ್ಲಿ ಇಂಕು ಮುಗಿದಿದೆ, ಫೋಟೋ ಇನ್ನೊಂದು ಕಳಿಸಿ ಎಂದು. ಆಗ ಎ-೭ರ ಶಾಟ್‌ನಲ್ಲಿ ನೇರ ನೋಟ, ಮುಚ್ಚಿದ ಬಾಯಿ, ಮಡಿಲ ಮೇಲೆ ಎರಡು ಕೈ. ಎಂಟು ಸೆಕೆಂಡು ಹಾಗೇ. ಕ್ಯಾಮೆರಾದವನೇ ಸಾಕಾಗಿ ಎ-೯ಕ್ಕೆ ಹೋಗಿದ್ದಾನೆ.

ಇಡೀ ಸಂಜೆಯಲ್ಲಿ ಎ-೭ರ ನಗು ಒಂದೇ ಕಡೆ ಸಿಕ್ಕಿತು. ಕತ್ತರಿಸಿ ತೆಗೆದ ಆ ಹುಡುಗಿಯ ಐದು ನಿಮಿಷದಲ್ಲಿ. ಅವಳು ಬಸ್ಸಿನ ಮಾತು ಹೇಳುತ್ತಾಳೆ. "ಬಸ್ಸಲ್ಲಿ ನನ್ನ ಪಕ್ಕದ ಸೀಟು ಯಾವಾಗ್ಲೂ ಖಾಲಿ. ಜನ ನೇತಾಡ್ತಿರ್ತಾರೆ, ನಾನು ಮತ್ತೆ ನನ್ನ ಬ್ಯಾಗು ಆರಾಮಾಗಿ ಕೂತಿರ್ತೀವಿ. ಬ್ಯಾಗಿಗೆ ಕಿಟಕಿ ಸೀಟು ಬಿಟ್ಟುಕೊಡ್ತೀನಿ. ಮೊನ್ನೆ ಒಬ್ರು ಅಜ್ಜಿ ಬಂದು ನೇರ ನನ್ನ ಪಕ್ಕ ಕೂತ್ರು. ನನಗೇ ಗಾಬರಿ. ಮೆಲ್ಲಗೆ ಕೇಳ್ದೆ: ಅಜ್ಜಿ, ಕನ್ನಡಕ ಎಲ್ಲಿ?"

ಅಲ್ಲಿ ಎ-೭ರ ತಲೆ ಹಿಂದಕ್ಕೆ ಹೋಗಿದೆ, ಕೈ ಎ-೮ರ ಮೊಣಕಾಲಿನ ಮೇಲೆ ಬಿದ್ದಿದೆ, ಕಣ್ಣಲ್ಲಿ ನೀರು. ನಾಲ್ಕು ಸೆಕೆಂಡು, ಹನ್ನೆರಡು ಫ್ರೇಮು.

ಅದನ್ನು ತೆಗೆದು ಇಂಕಿನ ಜೋಕಿನ ಕೊನೆಗೆ ಇಟ್ಟೆ. ಹುಡುಗಿಯ ಹೊತ್ತಿನಲ್ಲಿ ದೀಪ ಹಳದಿ ಇತ್ತು, ಮಹಾರಾಜನ ಹೊತ್ತಿನಲ್ಲಿ ನೀಲಿ. ಬಣ್ಣ ಹೊಂದಿಸಲು ಅರ್ಧ ಗಂಟೆ ಹಿಡಿಯಿತು. ಧ್ವನಿ ಸೌಂಡಣ್ಣನದು. "ನನ್ನ ಹತ್ರ ಹನ್ನೊಂದು ಥರ ನಗು ಇದೆ ಅಕ್ಕ. ಕೆಮ್ಮು ಸೇರಿದ್ದು ಬೇಕಾ, ಸೇರದೇ ಇರೋದು ಬೇಕಾ?" ಕೆಮ್ಮಿಲ್ಲದ್ದು ಹಾಕಿಸಿದೆ.

ಕೊನೆಗೆ ಮಹಾರಾಜನ ಕೆನ್ನೆಯ ಮೊಡವೆ ಗುಳಿ ಕಾಣದಂತೆ ಮುಖ ನುಣುಪು ಮಾಡುವ ಸೆಟ್ಟಿಂಗನ್ನು ಇಡೀ ಒಂದು ಗಂಟೆಗೆ ಹಾಕಿದೆ. ಒಮ್ಮೆ ಪೂರ್ತಿ ನೋಡಿದೆ. ಎ-೭ ಚೆನ್ನಾಗಿ ಬಂದಿದೆ.

ಜೂನ್ ೮, ಭಾನುವಾರ

ಬೆಳಿಗ್ಗೆ ಅತ್ತೆಗೆ ಲ್ಯಾಪ್‌ಟಾಪಿನಲ್ಲಿ ಇಂಕಿನ ಜೋಕಿರುವ ಹತ್ತು ನಿಮಿಷ ತೋರಿಸಿದೆ, ಮುಖ ನುಣುಪು ಮಾಡುವ ಮುಂಚಿನ ಪ್ರತಿಯಿಂದ. ಕೆಲಸ ಪರೀಕ್ಷಿಸಲು ನನಗೆ ಅತ್ತೆಯಷ್ಟು ಒಳ್ಳೆಯ ಪ್ರೇಕ್ಷಕರಿಲ್ಲ. ಬೇಸರವಾದರೆ ಎದ್ದು ಸೊಪ್ಪು ಬಿಡಿಸಲು ಹೋಗುತ್ತಾರೆ.

ಇಂಕಿನ ಜೋಕು ಬಂದಾಗ ಅತ್ತೆಯ ಮೋರೆ ಗಂಟಾಯಿತು. "ಥೂ, ಇದೇನು ಮಾತು ಇವನದು" ಅಂದರು. ಅಷ್ಟರಲ್ಲಿ ಎ-೭ ಬಂತು. ಅತ್ತೆ ಮುಂದಕ್ಕೆ ಬಾಗಿ ನೋಡಿದರು. "ಓ, ಅವಳೇ ನಗ್ತಿದಾಳಲ್ಲ" ಎಂದು ತಾವೂ ನಕ್ಕರು. ಆಮೇಲೆ ಅದೇ ಜೋಕನ್ನು ಫೋನಿನಲ್ಲಿ ತಮ್ಮ ತಂಗಿಗೆ ಹೇಳಿದರು. ಇಬ್ಬರೂ ನಕ್ಕರು.

ಇದಕ್ಕಿಂತ ಸರಿಯಾಗಿ ಕೆಲಸ ಮಾಡಿದ ಕಟ್ ನಾನು ಮಾಡಿಲ್ಲ. ಮಧ್ಯಾಹ್ನ ಅನ್ನ ಸೇರಲಿಲ್ಲ. ಮೊಸರು ಹುಳಿಯಾಗಿತ್ತು.

ಜೂನ್ ೧೦, ಮಂಗಳವಾರ

ಹುಡುಗಿ ಫೋನ್ ಮಾಡಿದ್ದಳು. ನೋಡುತ್ತಿದ್ದೇವೆ ಎಂದೆ.

"ನೋಡ್ತಿದೀವಿ ಅಂದ್ರೆ ಇಲ್ಲ ಅಂತ ಅಲ್ವಾ ಅಕ್ಕ? ನಮ್ಮ ಕೌಂಟರಲ್ಲಿ ನಾವೂ ಹಾಗೇ ಹೇಳ್ತೀವಿ, ಪಾರ್ಸೆಲ್ ಕಳೆದುಹೋದಾಗ."

ಮೀಟಿಂಗ್ ಇದೆ ಎಂದು ಇಟ್ಟೆ. ಮೀಟಿಂಗ್ ಇರಲಿಲ್ಲ.

ಜೂನ್ ೧೧, ಬುಧವಾರ

ಓಟಿಟಿಯವರು ಪ್ರತಿಯನ್ನು ವಾಪಸ್ ಕಳಿಸಿದ್ದಾರೆ. ಒಂದೇ ಆಕ್ಷೇಪ: 'ಚರ್ಮದ ಭಿನ್ನತೆ: ೦ ಸೆಕೆಂಡು. ಪಟ್ಟಿಯಲ್ಲಿ ಹೇಳಿದ ವ್ಯಕ್ತಿ ಕಾಣಿಸುತ್ತಿಲ್ಲ.'

ತೆರೆದು ನೋಡಿದೆ. ಎ-೭ ಇದೆ, ನಗುತ್ತಿದೆ, ಮಚ್ಚೆ ಇಲ್ಲ. ಮಹಾರಾಜನ ಮೊಡವೆಗೆ ಹಾಕಿದ ಸೆಟ್ಟಿಂಗು ಎ-೭ರ ಮುಖವನ್ನೂ ಒರೆಸಿಹಾಕಿದೆ. ಹಣೆ, ಬಾಯಿಯ ಸುತ್ತ, ಕತ್ತು, ಎಲ್ಲ ಒಂದೇ ಬಣ್ಣ. ಗುರುವಾರ ಇದನ್ನು ಪೂರ್ತಿ ನೋಡಿದವಳು ನಾನೇ. ಏನೋ ಕಡಿಮೆಯಾಗಿದೆ ಅನ್ನಿಸಿರಲಿಲ್ಲ. ಚೆನ್ನಾಗಿ ಬಂದಿದೆ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ.

ಆ ಶಾಟ್‌ಗೆ ಸೆಟ್ಟಿಂಗ್ ತೆಗೆದೆ. ಹೊಂದಿಸಿದ ನೀಲಿ ಬೆಳಕಿನಲ್ಲಿ ಮಚ್ಚೆ ಮಸುಕಾಗಿ ಕಂಡಿತು. ಮೇಡಂ ಹಿಂದೆ ನಿಂತು ನೋಡಿದರು.

"ಇಷ್ಟೇನಾ? ಸ್ವಲ್ಪ ಜಾಸ್ತಿ ಮಾಡಕ್ಕಾಗಲ್ವಾ?"

"ಏನನ್ನ ಮೇಡಂ?"

"ಅದೇ. ಬಿಳೀದನ್ನ. ಇನ್ನೂ ಬಿಳಿ ಮಾಡು. ಎದ್ದು ಕಾಣ್ಬೇಕು."

ಮೌಸಿನ ಮೇಲಿಂದ ಕೈ ತೆಗೆದೆ. ತಲೆನೋವು ಎಂದು ಹೇಳಿ ಮೂರು ಗಂಟೆಗೇ ಹೊರಟೆ. ದಾರಿಯಲ್ಲಿ ಕೊರಿಯರ್ ಆಫೀಸು ಸಿಗುತ್ತದೆ. ಒಳಗೆ ಹೋಗುವ ಯೋಚನೆ ಇರಲಿಲ್ಲ.

ಅವಳು ಗಾಜಿನ ಹಿಂದೆ ಪೊಟ್ಟಣಗಳ ತೂಕ ನೋಡುತ್ತಿದ್ದಳು. ಎಲ್ಲ ಹೇಳಿದೆ. ಐದು ನಿಮಿಷ ತೆಗೆದದ್ದು, ಅಜ್ಜಿಯ ಮಾತಿಗೆ ಬಿದ್ದ ನಗುವನ್ನು ಇಂಕಿನ ಜೋಕಿಗೆ ಇಟ್ಟದ್ದು. ಹೇಳುವಾಗ 'ನಿನಗಿರುವ ಅದು' ಎಂದೆ.

"ತೊನ್ನು ಅನ್ನಿ ಅಕ್ಕ. ಕಚ್ಚಲ್ಲ" ಎಂದಳು. ಒಂದು ಪೊಟ್ಟಣಕ್ಕೆ ಚೀಟಿ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದಳು. "ಐದು ನಿಮಿಷ ತೆಗೆದಿದ್ದು ಪರವಾಗಿಲ್ಲ. ಅಭ್ಯಾಸ ಆಗಿದೆ. ಆದ್ರೆ ಆ ನಗು ನಂದು. ಅದನ್ನ ಅವನಿಗ್ಯಾಕೆ ಕೊಟ್ರಿ?"

ನನ್ನ ಹಿಂದೆ ಪಾರ್ಸೆಲ್ ಹಿಡಿದು ನಿಂತವರಿಗೆ ಜಾಗ ಬಿಟ್ಟು ಹೊರಟೆ.

ಜೂನ್ ೧೨, ಗುರುವಾರ

ಮೀಟಿಂಗಿನಲ್ಲಿ ಒಂದು ಲೆಕ್ಕ ಮುಂದಿಟ್ಟೆ. ಓಟಿಟಿಯವರು ಕೇಳಿದ್ದು ತೊನ್ನು ಇರುವ ಮುಖ ನಾಲ್ಕು ಸೆಕೆಂಡು. ಆ ಹುಡುಗಿಯ ಭಾಗ ಐದು ನಿಮಿಷ ಹನ್ನೆರಡು ಸೆಕೆಂಡು, ಅಂದರೆ ಮುನ್ನೂರ ಹನ್ನೆರಡು. ಸೇರಿಸಿದರೆ ಪಟ್ಟಿ ತುಂಬುತ್ತದೆ, ಯಾರ ಬಣ್ಣವನ್ನೂ ಮುಟ್ಟಬೇಕಿಲ್ಲ.

ಮಹಾರಾಜ ಕುರ್ಚಿಯಲ್ಲಿ ಅರ್ಧ ಮಲಗಿದ್ದವನು ನೆಟ್ಟಗಾದ. "ಅವಳು ಅಷ್ಟು ಹೇಳಿ ಹೋದ್ಮೇಲೆ ನನ್ನ ಇಂಕ್ ಜೋಕಿಗೆ ಯಾರ್ರೀ ನಗ್ತಾರೆ?"

ಸೌಂಡಣ್ಣ ಫೋನ್ ನೋಡುತ್ತಾ, "ಈಗ್ಲೂ ನಾನೇ ನಗ್ತಿರೋದು ಸರ್" ಎಂದ.

ತೀರ್ಮಾನ: ಎ-೭ರವರನ್ನು ಶನಿವಾರ ಸಭಾಂಗಣಕ್ಕೆ ಕರೆಸಿ, ಅದೇ ಸೀಟಿನಲ್ಲಿ ಕೂರಿಸಿ, ನೀಲಿ ದೀಪದಲ್ಲಿ ಹೊಸದಾಗಿ ನಗಿಸಿ ಚಿತ್ರಿಸುವುದು. ಮೇಕಪ್‌ನವಳಿಗೂ ಹೇಳಿಯಾಯಿತು. ಎಲ್ಲರೂ ಮುಚ್ಚಲು ಕರೆಸುತ್ತಾರೆ. ಇವರು ಎದ್ದು ಕಾಣಿಸಲು ಕರೆಸಿದ್ದಾರೆ.

ಜೂನ್ ೧೪, ಶನಿವಾರ

ಎ-೭ರವರು ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ಇಪ್ಪತ್ತೊಂಬತ್ತು ವರ್ಷದ ಸರ್ವಿಸು. ಬೂದು ಬಣ್ಣದ ಕೈಚೀಲ, ಅದರಲ್ಲಿ ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು. ಮೇಕಪ್‌ನವಳು ಬ್ರಷ್ ಹಿಡಿದು ಹತ್ತಿರ ಹೋದಾಗ "ಬೇಡಮ್ಮ, ದೇವರೇ ಹಚ್ಚಿ ಕಳಿಸಿದಾನೆ" ಎಂದರು. ಅವಳು ನಕ್ಕು ಹಿಂದೆ ಸರಿದಳು.

ಖಾಲಿ ಸಭಾಂಗಣ. ಆರುನೂರು ಕುರ್ಚಿಯ ನಡುವೆ ಅವರೊಬ್ಬರು.

"ನಗಿ ಟೀಚರ್" ಎಂದರು ಮೇಡಂ.

"ಯಾತಕ್ಕೆ?"

"ಸುಮ್ನೆ. ಖುಷಿಯಾಗಿ."

"ಸುಮ್ನೆ ನಗೋ ಮಕ್ಕಳನ್ನ ನಾನು ಕ್ಲಾಸಿಂದ ಆಚೆ ನಿಲ್ಲಿಸ್ತೀನಿ."

ಇಂಕಿನ ಜೋಕಿನ ಧ್ವನಿ ಕೇಳಿಸಿದರು. ಮೂರು ಸಲ. ಅವರು ಮೂರೂ ಸಲ ಅದೇ ನೇರ ನೋಟ ನೋಡಿದರು. ಕೊನೆಗೆ ಅವರೇ ಹೇಳಿದರು: "ಅವತ್ತು ಒಂದು ಹುಡುಗಿ ಬಸ್ಸಿನ ವಿಷ್ಯ ಹೇಳಿದ್ಳಲ್ಲ, ಅದನ್ನ ಹಾಕಿ. ನಗು ಬರುತ್ತೆ."

ಮೇಡಂ ಮುಖ ಅರಳಿತು. ನನ್ನ ಕಡೆ ತಿರುಗಿ ಸಣ್ಣಗೆ, "ಹಾಕು, ಹಾಕು. ಯಾತಕ್ಕೆ ನಕ್ಕರೇನು" ಎಂದರು.

ಲ್ಯಾಪ್‌ಟಾಪನ್ನು ಅವರ ಮುಂದೆ ಸ್ಟೂಲಿನ ಮೇಲೆ ಇಟ್ಟು ಫೈಲ್ ತೆರೆದೆ. ತಪ್ಪು ಫೈಲು. ಬಸ್ಸಿನ ಭಾಗದ ಬದಲು ಇಂಕಿನ ಜೋಕು, ಅದರ ಕೊನೆಗೆ ಅವರ ನಗು ಇರುವ ಪ್ರತಿ ಓಡಿತು. ಎರಡೂ ಬೇರೆ ಬೇರೆ ಫೋಲ್ಡರಿನಲ್ಲಿವೆ, ಹೆಸರೂ ಬೇರೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ತಪ್ಪು ಆಗಿರಲಿಲ್ಲ. ವಾರವಿಡೀ ನಿದ್ದೆ ಸರಿಯಾಗಿಲ್ಲ.

ಅವರು ಪೂರ್ತಿ ನೋಡಿದರು. ತಮ್ಮ ಮುಖ ಬಂದಾಗ ಕನ್ನಡಕ ಸರಿಮಾಡಿಕೊಂಡರು.

"ಇದು ಅಜ್ಜಿ ಮಾತಿಗೆ ನಕ್ಕಿದ್ದು."

"ಹೌದು."

"ಇಲ್ಲಿಗೆ ಹೇಗೆ ಬಂತು?"

"ನಾನು ತಂದಿಟ್ಟೆ."

ಮತ್ತೊಮ್ಮೆ ಓಡಿಸಲು ಹೇಳಿದರು. ಓಡಿಸಿದೆ. "ಬಲು ನೀಟಾಗಿದೆ" ಎಂದರು. "ಕಾಪಿ ಹೊಡೆಯೋ ಮಕ್ಕಳನ್ನ ಎಷ್ಟೋ ನೋಡಿದೀನಿ. ಇಷ್ಟು ನೀಟಾಗಿ ಮಾಡಿದವರನ್ನ ನೋಡಿರ್ಲಿಲ್ಲ." ಬೈಗುಳದ ದನಿಯಿರಲಿಲ್ಲ. ಅಂಕ ಕೊಡುವ ದನಿ.

ಹೊಸ ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಲಿಲ್ಲ. ಚೀಲ ಎತ್ತಿಕೊಂಡು ಹೊರಟರು. ಬಾಗಿಲ ತನಕ ನಾನೂ ಹೋದೆ. ಆ ಹುಡುಗಿ ಕೆಲಸ ಮಾಡುವ ಕೊರಿಯರ್ ಆಫೀಸಿನ ವಿಳಾಸ ಹೇಳಿದೆ. ಬರೆದುಕೊಂಡರು.

ಮೇಡಂ ನನಗೆ ಏನೂ ಅನ್ನಲಿಲ್ಲ. ಕಾರಿನಲ್ಲಿ ಕೂತ ಮೇಲೆ ಅಂದರು. ಇಲ್ಲಿ ಬರೆಯುವಂಥ ಮಾತಲ್ಲ.

ಜೂನ್ ೧೬, ಸೋಮವಾರ

ಟೀಚರ್ ಅವರ ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ನಾಲ್ಕು ಸಾಲು. ತಮ್ಮ ನಗು ತಾವು ನಕ್ಕ ಜಾಗದಲ್ಲಿ ಮಾತ್ರ ಇರಬಹುದು, ಬೇರೆಲ್ಲೂ ಇರಕೂಡದು. ಕಂಪನಿಯ ವಕೀಲರು ಹಳೆಯ ಒಪ್ಪಿಗೆ ಪತ್ರ ತೆಗೆದು ನೋಡಿದರು. ಅದರಲ್ಲಿ 'ಅಂದಿನ ಕಾರ್ಯಕ್ರಮದಲ್ಲಿ ಕಂಡಂತೆ' ಎಂದಿದೆ. ಇಂಕಿನ ಜೋಕಿನಲ್ಲಿ ಕಂಡದ್ದು ಮುಚ್ಚಿದ ಬಾಯಿ. ಆ ನಗು ಅಲ್ಲಿಂದ ತೆಗೆಯಲೇಬೇಕು ಎಂದರು.

ಮೇಡಂ ಏಜೆನ್ಸಿಗೆ ಫೋನ್ ಮಾಡಿ, ಚರ್ಮದ ಭಿನ್ನತೆ ಇನ್ನೊಬ್ಬರು ಸಿಗುತ್ತಾರಾ ಕೇಳಿದರು. ಸ್ಪೀಕರ್ ಹಾಕಿದ್ದರು. "ಈ ವಾರ ಸ್ಟಾಕ್ ಇಲ್ಲ ಮೇಡಂ. ಗಾಲಿಕುರ್ಚಿ ಬೇಕಾದ್ರೆ ನಾಳೇನೇ ಕಳಿಸ್ತೀನಿ."

ಯಾರೂ ನಗಲಿಲ್ಲ. ಸೌಂಡಣ್ಣ ಕೂಡ.

ಜೂನ್ ೧೭, ಮಂಗಳವಾರ

ಐದು ನಿಮಿಷ ಸೇರಿಸಬೇಕೆಂದು ನಿನ್ನೆ ಸಂಜೆಯೇ ತೀರ್ಮಾನವಾಗಿದೆ. ಇಂಕಿನ ಜೋಕು ಹೋಗಿದೆ. ತೆಗೆಸಿದ್ದು ತಾನೇ ಎಂದು ಮಹಾರಾಜ ಪತ್ರಿಕೆಯೊಂದಕ್ಕೆ ಹೇಳಿದ್ದಾನೆ: 'ಹಾಸ್ಯಕ್ಕೂ ಸೂಕ್ಷ್ಮತೆ ಬೇಕು.' ಬೆಳಿಗ್ಗೆ ಅದನ್ನು ಓದಿದೆ. ಪತ್ರಿಕೆಯನ್ನು ಮಡಚಿ ಮೇಜಿನ ಕಾಲಿನ ಕೆಳಗೆ ಇಟ್ಟೆ. ಮೇಜು ಅಲ್ಲಾಡುವುದು ನಿಂತಿದೆ.

ಹುಡುಗಿಯ ಭಾಗಕ್ಕೆ ಮುನ್ನುಡಿಯಾಗಿ ಅವನ ಮಾತನ್ನು ಹೊಸದಾಗಿ ಚಿತ್ರಿಸಿಯಾಯಿತು. "ಇಂಥವರನ್ನ ಬೆನ್ನು ತಟ್ಟಿ ವೇದಿಕೆಗೆ ತರಬೇಕು ಅನ್ನೋದು ನನ್ನ ಬಹುದಿನದ ಕನಸು." ಐದು ಟೇಕು. ನಾಲ್ಕನೆಯದರಲ್ಲಿ ಗಂಟಲು ಗದ್ಗದ ಮಾಡಿಕೊಂಡ. ಮೇಡಂ ಅದನ್ನೇ ಇಡು ಎಂದರು. ಇಟ್ಟೆ. ನೋಡಲಾಗದೆ ಧ್ವನಿಯ ಅಲೆಗಳನ್ನು ಮಾತ್ರ ನೋಡಿಕೊಂಡು ಕತ್ತರಿಸಿದೆ.

ಪೋಸ್ಟರಿಗೆ ಇಬ್ಬರ ಫೋಟೋ ತೆಗೆದರು. ಭುಜದ ಮೇಲೆ ಕೈ ಇಡಿ ಸರ್ ಎಂದ ಫೋಟೋದವನು. ಮಹಾರಾಜ ಕೈ ಎತ್ತಿದ. ಅವಳ ಭುಜದಿಂದ ಎರಡು ಇಂಚು ಮೇಲೆ ಕೈ ನಿಂತಿತು. ಹದಿನೆಂಟು ಫೋಟೋ, ಹದಿನೆಂಟರಲ್ಲೂ ಎರಡು ಇಂಚು. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನಲ್ಲಿ ಕೈಯನ್ನು ಕೆಳಗಿಳಿಸಿ ಭುಜಕ್ಕೆ ಕೂರಿಸಿದರು, ನೆರಳೂ ಹಾಕಿದರು.

ಅವಳು ಆಮೇಲೆ ನನ್ನ ಕೋಣೆಗೆ ಬಂದು ಅರ್ಧ ಗಂಟೆ ಕೂತಿದ್ದಳು. ಸ್ಪೆಷಲ್ ಬೇಡ ಅಂದುಬಿಡು, ಪತ್ರ ನಾನು ಬರೆದುಕೊಡುತ್ತೇನೆ ಎಂದೆ.

"ಬೇಡ ಅಂದ್ರೆ ಯಾರಿಗೆ ನಷ್ಟ ಅಕ್ಕ? ಅವನು ಇನ್ನೊಂದು ಮುನ್ನುಡಿ ಹೇಳ್ತಾನೆ, ನನ್ನ ಸಿಟ್ಟಿನ ಮೇಲೆ. ನಾನು ಮತ್ತೆ ಪೊಟ್ಟಣ ತೂಗ್ತಾ ಇರ್ತೀನಿ." ಸ್ವಲ್ಪ ಹೊತ್ತು ಪೋಸ್ಟರನ್ನೇ ನೋಡಿದಳು. "ನನಗೆ ಇನ್ನು ಹತ್ತು ಸೆಕೆಂಡು ಕೊಡಿಸ್ತೀರಾ?"

ಅವಳು ಹೋದ ಮೇಲೆ, ಅವಳು ಕುಡಿದಿಟ್ಟ ಲೋಟದಲ್ಲೇ ನೀರು ಬಗ್ಗಿಸಿಕೊಂಡು ತಲೆನೋವಿನ ಮಾತ್ರೆ ನುಂಗಿದೆ. ಕಡಿಮೆಯಾಗಲಿಲ್ಲ.

ಜೂನ್ ೧೮, ಬುಧವಾರ

ಮುನ್ನುಡಿಗೂ ಹುಡುಗಿಯ ಮೊದಲ ಮಾತಿಗೂ ನಡುವೆ ದೃಶ್ಯ ತಟಕ್ಕನೆ ಎಗರುತ್ತದೆ, ಅವಳು ನಡೆದು ಬಂದು ಮೈಕು ಹಿಡಿಯುವ ಹತ್ತು ಸೆಕೆಂಡು ಬೇಕು ಎಂದು ಮೇಡಂಗೆ ಹೇಳಿದೆ. ಅದು ನಿಜ, ಎಗರುತ್ತದೆ. ಶೂಟಿಂಗ್ ಚೀಟಿಗೆ ಸಹಿ ಹಾಕಿದರು. ನಡೆಯುತ್ತಾ ಅವಳು ಏನಾದರೂ ಮಾತಾಡುತ್ತಾಳೆಯೇ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಅಂತಿಮ ಪ್ರತಿಯನ್ನು ಅವರು ಶುಕ್ರವಾರ ಒಮ್ಮೆ ನೋಡಬಹುದು. ನೋಡಿದರೆ ನನ್ನ ಕೆಲಸ ಹೋಗುತ್ತದೆ. ನೋಡದಿದ್ದರೆ ಬಿಡುಗಡೆಯಾದ ಮೇಲೆ ಹೋಗುತ್ತದೆ.

ಸಂಜೆ ಐದಕ್ಕೆ ಕೊರಿಯರ್ ಆಫೀಸಿನ ಬೆಂಚಿನ ಮೇಲೆ ಅವಳು ಆ ಮಾತನ್ನು ಹೇಳಿ ತೋರಿಸಿದಳು. ನನ್ನ ಆಚೆ ಟೀಚರ್ ಕೂತಿದ್ದರು. ಶನಿವಾರ ಸಂಜೆಯೇ ವಿಳಾಸ ಹುಡುಕಿಕೊಂಡು ಬಂದಿದ್ದರಂತೆ. ಅವಳು ಎದ್ದು ನಿಂತು ಟೇಪ್ ಸುರುಳಿಯನ್ನು ಮೈಕಿನಂತೆ ಹಿಡಿದಳು.

"ನಮಸ್ಕಾರ. ಪೋಸ್ಟರ್ ನೋಡಿದ್ರಲ್ಲ, ಸರ್ ಕೈ ನನ್ನ ಭುಜದ ಮೇಲಿದೆ. ಅದು ಕಂಪ್ಯೂಟರಲ್ಲಿ ಇಳಿಸಿದ್ದು. ನಿಜವಾದ ಕೈ ಇನ್ನೂ ಮೇಲೇ ಸುತ್ತುತ್ತಾ ಇದೆ, ಇಳಿಯೋಕೆ ಸಿಗ್ನಲ್ ಸಿಕ್ಕಿಲ್ಲ."

ಟೀಚರ್ ನಕ್ಕರು. ನಾನೂ ನಕ್ಕೆ. ಅವರ ಕೈ ನನ್ನ ಮೊಣಕಾಲಿನ ಮೇಲೆ ಬಿತ್ತು. ತೂಕದ ಕೈ. ಎಷ್ಟು ಸೆಕೆಂಡು ಎಂದು ನೋಡಲಿಲ್ಲ.

"ಹತ್ತು ಸೆಕೆಂಡಿಗೆ ಜಾಸ್ತಿ ಆಯ್ತಾ ಅಕ್ಕ?" ಎಂದಳು.

"ಮೊದಲ ವಾಕ್ಯ ಸ್ವಲ್ಪ ಬೇಗ ಹೇಳು" ಎಂದೆ.

ಶೂಟಿಂಗ್ ನಾಳೆ ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಕ್ಯಾಮೆರಾ ಎರಡು, ದೀಪ ಹಳದಿ. ಟೀಚರ್ ಮೊದಲ ಪಿರಿಯಡ್ ಮುಗಿಸಿ ಬರುತ್ತಾರೆ. ಅಂತಿಮ ಪ್ರತಿ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಕಂಪ್ಯೂಟರಿನಿಂದ ಓಟಿಟಿಯವರಿಗೆ ಹೋಗುತ್ತದೆ.